ಮೊದಲು ಹಾಡಿ, ಆಮೇಲೆ ನುಡಿಸಿ: ಜಾಝ್ ಕಲಿತದ್ದು, ಕಲಿಸೋಕೆ ಹೋಗಿ ಕೆಡಿಸಿದ್ದು

ಹಿಂದೆ ಕೂತವರಿಗೆ ಕೇಳಿಸ್ತಿದೆಯಾ? ಸರಿ.

ನಾನು ವಾರಕ್ಕೆ ಐದು ದಿನ ಪವಾಯಿಯ ಒಂದು ಆಫೀಸಿನಲ್ಲಿ ಕೋಡ್ ಬರೆಯೋನು. ಭಾನುವಾರ ಮಧ್ಯಾಹ್ನ ಮಾತ್ರ ನಮ್ಮ ಮನೆ ಹಾಲ್‌ನಲ್ಲಿ ನಾಲ್ಕು ಜನಕ್ಕೆ ಪಿಯಾನೋ ಹೇಳಿಕೊಡ್ತೀನಿ. ಅದರಲ್ಲೂ ಜಾಝ್, ಅದರಲ್ಲೂ ಇಂಪ್ರೊವೈಸೇಶನ್. ಅಂದ್ರೆ ಬರೆದಿಟ್ಟದ್ದನ್ನ ನುಡಿಸೋದಲ್ಲ, ಆ ಕ್ಷಣಕ್ಕೆ ಕಟ್ಟಿಕೊಂಡು ನುಡಿಸೋದು. ನಮ್ಮ ಸಂಗೀತದಲ್ಲಿ ಮನೋಧರ್ಮ ಅಂತೀವಲ್ಲ, ಅದಕ್ಕೆ ಹತ್ತಿರದ್ದು.

ನನ್ನನ್ನ ಕರೆದವರು "ಜಾಝ್ ಹೇಗೆ ಕಲಿತ್ರಿ ಅಂತ ಹೇಳಿ, ಸಾಕು" ಅಂದಿದ್ರು. ಕಲಿತ ಕತೆ ಹೇಳೋದು ಸುಲಭ. ಅದರಲ್ಲಿ ಸೋತದ್ದು ನಾನೊಬ್ಬನೇ, ಎಲ್ಲರೂ ನಕ್ಕು ಎದ್ದು ಹೋಗಬಹುದು. ಕಲಿಸಿದ ಕತೆ ಹಾಗಲ್ಲ. ಅದರಲ್ಲಿ ಬೇರೆಯವರ ಮನೆ ಮಗು ಇದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ನಮ್ಮ ಬಿಲ್ಡಿಂಗ್‌ನಲ್ಲೇ, ನಮಗಿಂತ ಒಂದು ಮಹಡಿ ಮೇಲೆ, ಧಾರವಾಡದ ಕಡೆಯ ಒಂದು ಕುಟುಂಬ ಇದೆ. ಅವರ ಮಗಳಿಗೆ ಆಗ 12 ವರ್ಷ. ಯಾವುದೇ ಸಿನಿಮಾ ಹಾಡು ಎರಡು ಸಲ ಕೇಳಿದ್ರೆ ಸಾಕು, ಬಲಗೈಯಲ್ಲಿ ನುಡಿಸೋಳು. ಎಡಗೈಯಲ್ಲಿ ಯಾರೂ ಹೇಳಿಕೊಡದೆ ಎರಡೆರಡು ಸ್ವರ ಹಿಡಿಯೋಳು. ಹತ್ತರಲ್ಲಿ ಏಳು ಸಲ ಸರಿಯಾಗಿರ್ತಿತ್ತು. ಮೊದಲ ದಿನ ಕೇಳಿದಾಗ ನನಗೆ ಖುಷಿಗಿಂತ ಹೆಚ್ಚಾಗಿ ಒಂದು ಥರ ಆತುರ ಆಯ್ತು. ನನಗೆ ಎಂಟು ವರ್ಷ ಹಿಡಿದದ್ದನ್ನ ಈ ಮಗುವಿಗೆ ಎಂಟು ತಿಂಗಳಲ್ಲಿ ಕೊಟ್ಟುಬಿಡಬೇಕು ಅಂತ.

ನಾನು ಮಾಡಿದ್ದೇನು ಗೊತ್ತಾ? ಒಂದು ಸ್ಪ್ರೆಡ್‌ಶೀಟ್. ಅಡ್ಡಕ್ಕೆ 12 ಶ್ರುತಿ, ಉದ್ದಕ್ಕೆ 7 ಮೋಡ್. ಒಟ್ಟು 84 ಕೋಣೆ. ಒಂದೊಂದು ಸ್ಕೇಲ್ ಎರಡೂ ಕೈಯಲ್ಲಿ ತಪ್ಪಿಲ್ಲದೆ ನುಡಿಸಿದ್ರೆ ಆ ಕೋಣೆ ಹಸಿರಾಗ್ತಿತ್ತು. ನೀವು ನಗ್ತಿದ್ದೀರಿ, ಆದ್ರೆ ಇಲ್ಲಿ ಕೂತವರಲ್ಲಿ ಅರ್ಧ ಜನ ಇದನ್ನೇ ಮಾಡ್ತಿದ್ರಿ. ನಮಗೆ ಬಣ್ಣ ಬದಲಾಗೋ ಕೋಣೆ ಕಂಡ್ರೆ ಕೆಲಸ ನಡೀತಿದೆ ಅನ್ನೋ ಸಮಾಧಾನ.

31 ಕೋಣೆ ಹಸಿರಾದವು. ಆಮೇಲೆ ಪರೀಕ್ಷೆ ಅಂದ್ಳು, ಒಂದು ವಾರ ಬರ್ಲಿಲ್ಲ. ಆಮೇಲೆ ನೆಗಡಿ. ಆಮೇಲೆ ಬರೋದೇ ನಿಂತಿತು. ಒಂದು ದಿನ ಲಿಫ್ಟ್‌ನಲ್ಲಿ ಅವರಮ್ಮ ಸಿಕ್ಕರು. "ಸರ್, ಬ್ಯಾಸರ ಮಾಡ್ಕೋಬ್ಯಾಡ್ರಿ, ಒಂದ್ ಮಾತ್ ಹೇಳ್ತೀನಿ. ಮೊದ್ಲ ಇಕಿ ಸಾಲಿಯಿಂದ ಬಂದ ಕೂಡ್ಲೆ ಬ್ಯಾಗ್ ಒಗದು ಕೂತು ಬಾರಸ್ತಿದ್ಲು. ಈಗ ಅದನ್ನ ಮುಟ್ಟಂಗೇ ಇಲ್ಲ. ಅದರ ಮ್ಯಾಲೆ ಇಸ್ತ್ರಿ ಅರಿವಿ ಇಡಾಕತ್ತೀವ್ರಿ" ಅಂದ್ರು. ಬೈಲಿಲ್ಲ. ಸುಮ್ನೆ ಹೇಳಿದ್ರು. ಲಿಫ್ಟ್ ನಿಂತಿತು, ಇಳಿದು ಹೋದ್ರು.

ಜಾಝ್ ಬರದಿದ್ರೆ ಪರವಾಗಿಲ್ಲ. ಎಷ್ಟೋ ಜನಕ್ಕೆ ಬರಲ್ಲ. ಆದ್ರೆ ನನ್ನ ಹತ್ರ ಬರೋ ಮೊದಲು ಅವಳ ಹತ್ರ ಇದ್ದ ಸಿನಿಮಾ ಹಾಡೂ ಹೋಯ್ತಲ್ಲ, ಅದು ನನ್ನ ತಲೆಯಿಂದ ಇಳೀಲೇ ಇಲ್ಲ.

ಈಗ ಸ್ವಲ್ಪ ಹಿಂದೆ ಹೋಗೋಣ, ನಾನು ಹೇಗೆ ಕಲಿತೆ ಅಂತ. ತಮಾಷೆ ಏನಂದ್ರೆ, ನಾನು ಕಲಿತದ್ದು ಸ್ಪ್ರೆಡ್‌ಶೀಟ್‌ನಿಂದ ಅಲ್ಲವೇ ಅಲ್ಲ.

ಚಿಕ್ಕಂದಿನಲ್ಲಿ ಸಾಗರದಲ್ಲಿ ಎರಡು ವರ್ಷ ಸಂಗೀತಕ್ಕೆ ಹೋಗಿದ್ದೆ. ಸರಳೆ, ಜಂಟಿ, ಅಲಂಕಾರ, ಒಂದಿಷ್ಟು ಗೀತೆ, ಅಷ್ಟೇ. ಎಂಟೆಕ್‌ನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದಿದೆ. 27ನೇ ವಯಸ್ಸಿನಲ್ಲಿ, ಬೋನಸ್ ಬಂದ ತಿಂಗಳು, 88 ಕೀಗಳ ಡಿಜಿಟಲ್ ಪಿಯಾನೋ ತಗೊಂಡೆ. ಥಿಯರಿ ಪುಸ್ತಕ ತೆರೆದ್ರೆ ಎಲ್ಲಾ ಪರಿಚಯದ ಮುಖಗಳು! ಡೋರಿಯನ್ ಅಂದ್ರೆ ಖರಹರಪ್ರಿಯದ ಸ್ವರಗಳು. ಲಿಡಿಯನ್ ಅಂದ್ರೆ ಕಲ್ಯಾಣಿಯವು. ಮಿಕ್ಸೊಲಿಡಿಯನ್ ಹರಿಕಾಂಭೋಜಿ, ಮೇಜರ್ ಸ್ಕೇಲ್ ಶಂಕರಾಭರಣ, ಮೈನರ್ ನಠಭೈರವಿ. ಅವರದ್ದು ಏಳು, ನಮ್ಮದು 72 ಮೇಳ. ಇದರಲ್ಲೇನಿದೆ ಅಂತ ನನಗೆ ಕೊಬ್ಬು.

ಕೊಬ್ಬು ಇಳಿದದ್ದು ಯಾಕೆ ಅಂತ ನುಡಿಸಿಯೇ ತೋರಿಸ್ತೀನಿ. ಇದು ಎಫ್ ಅನ್ನೋ ಸ್ವರ. (ಒಂದು ಸ್ವರ ಒತ್ತಿ ಹಿಡಿಯುತ್ತಾರೆ.) ಈಗ ಎಡಗೈಯಲ್ಲಿ ಡಿ ಮೈನರ್ ಸೆವೆನ್ತ್ ಅನ್ನೋ ಕಾರ್ಡ್ ಹಿಡೀತೀನಿ. ಕಾರ್ಡ್ ಅಂದ್ರೆ ಕ್ರೆಡಿಟ್ ಕಾರ್ಡ್ ಅಲ್ಲ, ಮೂರು ನಾಲ್ಕು ಸ್ವರ ಒಟ್ಟಿಗೆ. ಕೇಳಿ, ಎಫ್ ಆರಾಮಾಗಿ ಕೂತಿದೆ. ಈಗ ಎಡಗೈ ಜಿ ಸೆವೆನ್ತ್‌ಗೆ ಹೋಯ್ತು. ಎಫ್ ಅಲ್ಲೇ ಇದೆ, ಆದ್ರೆ ಈಗ ಅದಕ್ಕೆ ಕಾತರ ಹುಟ್ಟಿದೆ, ಎಲ್ಲೋ ಇಳೀಬೇಕು ಅಂತಿದೆ. ಈಗ ಸಿ ಮೇಜರ್. ಎಫ್ ಹಿಡಿದೇ ಇದ್ರೆ ಕಲ್ಲು ಸಿಕ್ಕಿದ ಹಾಗೆ ಕಿರಿಕಿರಿ. ಅರ್ಧ ಹೆಜ್ಜೆ ಕೆಳಗೆ ಇ ಗೆ ಇಳಿಸ್ತೀನಿ. (ನುಡಿಸುತ್ತಾರೆ.) ಆಹ್. ಕೇಳಿದ್ರಾ?

ಇದಕ್ಕೆ ಟೂ-ಫೈವ್-ಒನ್ ಅಂತಾರೆ. ಹಳೆಯ ಜಾಝ್ ಹಾಡುಗಳ ತುಂಬಾ ಇದೇ ಓಡಾಟ. ಪೂರ್ತಿ ಕಾರ್ಡ್ ಬೇಡ, ಒಂದೊಂದರ ಮೂರನೇ ಸ್ವರ, ಏಳನೇ ಸ್ವರ ಎರಡೇ ನೋಡಿ. ಡಿ ಮೈನರ್‌ನಲ್ಲಿ ಎಫ್ ಮತ್ತು ಸಿ. ಜಿ ಗೆ ಹೋಗುವಾಗ ಎಫ್ ಕೂತಲ್ಲೇ ಕೂತಿರುತ್ತೆ, ಸಿ ಅರ್ಧ ಹೆಜ್ಜೆ ಇಳಿದು ಬಿ ಆಗುತ್ತೆ. ಅಲ್ಲಿಂದ ಸಿ ಮೇಜರ್‌ಗೆ ಹೋಗುವಾಗ ಬಿ ಕೂತಿರುತ್ತೆ, ಎಫ್ ಇಳಿದು ಇ ಆಗುತ್ತೆ. ಒಬ್ಬರು ನಿಂತಾಗ ಇನ್ನೊಬ್ಬರು ಇಳೀತಾರೆ, ಅಷ್ಟೇ. ಈ ಎರಡು ಸ್ವರ ಹಿಡಿದುಕೊಂಡ್ರೆ ಮೇಳದಲ್ಲಿ ಪಿಯಾನೋದವನ ಎಡಗೈ ಕೆಲಸ ಮುಕ್ಕಾಲು ಮುಗೀತು. ಕೆಳಗಿನ ಆಧಾರ ಸ್ವರ ಬಾಸ್ ನುಡಿಸೋರು ನೋಡಿಕೊಳ್ತಾರೆ.

ನಮ್ಮಲ್ಲಿ ತಂಬೂರಿ ಅಲ್ಲಾಡೋದಿಲ್ಲ. ಗಾಂಧಾರ ಮೂರು ಗಂಟೆ ಕಚೇರಿಯಲ್ಲೂ ಅದೇ ಷಡ್ಜದ ಗಾಂಧಾರ. ಅದನ್ನ ಬಳುಕಿಸೋದು, ತೂಗೋದು, ಅದರಲ್ಲೇ ಒಂದು ಲೋಕ ಇದೆ, ಖರಹರಪ್ರಿಯ ಬರೀ ಮೆಟ್ಟಿಲಲ್ಲ. ಜಾಝ್‌ನಲ್ಲಿ ನೆಲವೇ ಸರಿಯುತ್ತೆ. ನಿಮಿಷಕ್ಕೆ 120 ಬೀಟ್ ಲಯ ಇದ್ರೆ ನಾಲ್ಕು ಬೀಟ್‌ನ ಒಂದು ಬಾರ್ ಎರಡು ಸೆಕೆಂಡ್. ಎರಡು ಸೆಕೆಂಡಿಗೊಮ್ಮೆ ಕಾಲ ಕೆಳಗಿನ ನೆಲ ಬದಲು. ಡೊಂಬಿವಲಿ ಫಾಸ್ಟ್‌ನಲ್ಲಿ ಕಂಬಿ ಹಿಡಿಯದೆ ನಿಂತ ಹಾಗೆ. 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಚಾರ್ಲಿ ಮರಿಯಾನೊ ಅನ್ನೋ ಅಮೆರಿಕನ್ ಸ್ಯಾಕ್ಸೊಫೋನ್ ವಾದಕರು 'ಜ್ಯೋತಿ' ಅಂತ ಒಂದು ರೆಕಾರ್ಡ್ ಮಾಡಿದ್ದಾರೆ, ರಮಾಮಣಿ ಅವರ ಹಾಡುಗಾರಿಕೆ ಇದೆ, ಹುಡುಕಿ ಕೇಳಿ. ಅಲ್ಲಿ ಅವರು ನಮ್ಮ ಅಲ್ಲಾಡದ ನೆಲಕ್ಕೆ ಬಂದು ನಿಂತಿದ್ದಾರೆ. ನಾನು ಅವರ ಅಲ್ಲಾಡೋ ನೆಲಕ್ಕೆ ಹೋಗಬೇಕಿತ್ತು.

ಹೋದೆ. ಎರಡು ವರ್ಷ ಒಬ್ಬನೇ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಪ್ರಾಕ್ಟೀಸ್ ಮಾಡಿ, ಬಾಂದ್ರಾದ ಒಂದು ಕೆಫೆಯಲ್ಲಿ ಜ್ಯಾಮ್ ಸೆಷನ್‌ಗೆ ಹೆಸರು ಕೊಟ್ಟೆ. 'ಆಟಮ್ ಲೀವ್ಸ್' ಅಂತ ಕರೆದ್ರು. ಜೋಸೆಫ್ ಕೋಸ್ಮಾ ಸಂಯೋಜನೆ, 32 ಬಾರ್, ಕಲಿಯೋರಿಗೆಲ್ಲ ಮೊದಲ ಪಾಠ. ನನಗೆ ಪ್ರತಿ ಕಾರ್ಡ್‌ಗೂ ಯಾವ ಸ್ಕೇಲ್ ಅಂತ ಬಾಯಿಪಾಠ. ಮೊದಲ ಎಂಟು ಬಾರ್ ಹೇಗೋ ದಾಟಿತು. ಕೊನೆಯ ಎಂಟರಲ್ಲಿ ಕಾರ್ಡ್‌ಗಳು ಬೇಗ ಬೇಗ ಬದಲಾಗ್ತವೆ. ಅಲ್ಲಿ ನಾನು ಎಲ್ಲಿದ್ದೀನಿ ಅನ್ನೋದೇ ತಪ್ಪಿಹೋಯ್ತು. ಸುಮ್ನೆ ಆಗೋ ಬುದ್ಧಿಯೂ ಬರಲಿಲ್ಲ, ಸ್ಕೇಲ್ ಮೇಲಕ್ಕೂ ಕೆಳಕ್ಕೂ ಓಡಿಸ್ತಾ ಇದ್ದೆ, ನೀರಲ್ಲಿ ಬಿದ್ದವನು ಕೈಕಾಲು ಬಡಿದ ಹಾಗೆ. ಡ್ರಮ್ಸ್ ಹುಡುಗ ಪಾಪ, ತುಟಿಯಲ್ಲೇ "ಟಾಪ್, ಟಾಪ್" ಅಂತ ಹೇಳ್ತಿದ್ದ. ಮತ್ತೆ ಮೊದಲಿಂದ ಶುರುವಾಗ್ತಿದೆ, ಹತ್ತಿಕೋ ಅಂತ. ಹತ್ತಲಿಕ್ಕಾಗಲಿಲ್ಲ. ಎದ್ದು ಬಂದೆ.

ಚಾರ್ಲಿ ಪಾರ್ಕರ್‌ಗೂ ಹೀಗಾಗಿತ್ತು ಅಂತ ಆಮೇಲೆ ಓದಿ ಸಮಾಧಾನ ಮಾಡಿಕೊಂಡೆ. ಕ್ಯಾನ್ಸಸ್ ಸಿಟಿಯಲ್ಲಿ, ಇನ್ನೂ ಹದಿಹರೆಯದ ಹುಡುಗ, ಜ್ಯಾಮ್ ಸೆಷನ್‌ನಲ್ಲಿ ದಾರಿ ತಪ್ಪಿದ. ಡ್ರಮ್ಮರ್ ಜೋ ಜೋನ್ಸ್ ತಾಳದ ತಟ್ಟೆ ಬಿಚ್ಚಿ ನೆಲಕ್ಕೆ ಎಸೆದರಂತೆ, ಇಳಿ ಕೆಳಗೆ ಅಂತ. ಆ ಘಟನೆ ಎಲ್ಲರಿಗೂ ಗೊತ್ತು, ಸಿನಿಮಾದಲ್ಲೂ ಬಂದಿದೆ. ಆದ್ರೆ ಆಮೇಲೆ ಏನು ಮಾಡಿದ ಅನ್ನೋದನ್ನ ಕಡಿಮೆ ಜನ ಹೇಳ್ತಾರೆ. ಆಮೇಲೆ ಒಂದು ಬೇಸಿಗೆ ಓಝಾರ್ಕ್ ಬೆಟ್ಟದ ಕಡೆ ಒಂದು ರೆಸಾರ್ಟ್‌ನಲ್ಲಿ ನುಡಿಸೋ ಕೆಲಸಕ್ಕೆ ಹೋದ. ಜೊತೆಗೆ ಕೌಂಟ್ ಬೇಸಿ ಮೇಳದ ರೆಕಾರ್ಡ್‌ಗಳು. ಅದರಲ್ಲಿ ಲೆಸ್ಟರ್ ಯಂಗ್ ನುಡಿಸಿದ ಸೋಲೋಗಳನ್ನ ಸ್ವರ ಸ್ವರ ಬಿಡದೆ ಕಲಿತ. ನಾಳೆ ಜಗತ್ತನ್ನೇ ಬದಲಾಯಿಸಬೇಕಾದವನು ಮಾಡಿದ ಮೊದಲ ಕೆಲಸ ಇನ್ನೊಬ್ಬರ ನಕಲು.

ನನಗೆ ಓಝಾರ್ಕ್ ಬೆಟ್ಟ ಸಿಗಲಿಲ್ಲ, ಬಾಂದ್ರಾದಲ್ಲೇ ಒಬ್ಬ ಮೇಷ್ಟ್ರು ಸಿಕ್ಕರು. ಗೋವಾ ಮೂಲದವರು, ಎಪ್ಪತ್ತು ದಾಟಿದವರು. ಹೋಟೆಲ್ ಬ್ಯಾಂಡ್‌ಗಳಲ್ಲಿ, ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಜೀವಮಾನ ನುಡಿಸಿದವರು. ಈ ಊರಿನ ಜಾಝ್‌ಗೆ ದೊಡ್ಡ ಹಿನ್ನೆಲೆ ಇದೆ, ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 1935ರಲ್ಲೇ ಲಿಯಾನ್ ಆಬಿ ಅನ್ನೋ ಕಪ್ಪು ಅಮೆರಿಕನ್ ತಮ್ಮ ಬ್ಯಾಂಡ್ ಕಟ್ಟಿಕೊಂಡು ತಾಜ್ ಹೋಟೆಲ್‌ಗೆ ಬಂದಿದ್ರು. ಆಮೇಲೆ ಟೆಡ್ಡಿ ವೆದರ್‌ಫರ್ಡ್ ಅನ್ನೋ ಪಿಯಾನೋ ವಾದಕ, ಶಿಕಾಗೋದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ನುಡಿಸಿದ್ದವರು, ಶಾಂಘೈ ಸುತ್ತಿ ಇಲ್ಲಿಗೆ ಬಂದ್ರು. 1945ರಲ್ಲಿ ಕಲ್ಕತ್ತಾದಲ್ಲಿ ಕಾಲರಾ ಆಗಿ ತೀರಿಹೋದ್ರು. ಅವರಿಂದ ಕಲಿತವರಲ್ಲಿ ಗೋವಾದವರೇ ಹೆಚ್ಚು. ಊರ ಚರ್ಚಿನ ಶಾಲೆಯಲ್ಲಿ ಚಿಕ್ಕಂದಿನಲ್ಲೇ ಸ್ವರಲಿಪಿ ಓದೋಕೆ ಕಲಿತಿರ್ತಿದ್ರು. ಆಮೇಲೆ ಅವರೇ ಹಿಂದಿ ಸಿನಿಮಾ ಸಂಗೀತಕ್ಕೆ ಬಂದ್ರು. 1951ರ 'ಅಲ್ಬೇಲಾ'ದಲ್ಲಿ ಚಿಕ್ ಚಾಕೊಲೇಟ್ ಅವರ ಬ್ಯಾಂಡ್ ತೆರೆ ಮೇಲೇ ಕಾಣಿಸುತ್ತೆ. ನಮ್ಮಮ್ಮ ರೇಡಿಯೋದಲ್ಲಿ ಕೇಳ್ತಿದ್ದ ಹಾಡುಗಳ ಒಳಗೇ ಈ ಜಾಝ್ ಇತ್ತು.

ಮೇಷ್ಟ್ರು ಮೊದಲ ದಿನ ನನ್ನ ಎರಡು ನಿಮಿಷದ ನುಡಿಸಾಟ ಕೇಳಿದ್ರು. ಪಿಯಾನೋ ಮುಚ್ಚಳ ಮುಚ್ಚಿದ್ರು. "ಹಾಡು" ಅಂದ್ರು. ನನಗೆ ಹಾಡೋಕೆ ಬರಲ್ಲ ಸರ್ ಅಂದೆ. "ಹಾಡೋಕೆ ಬರದೇ ಇರೋದನ್ನ ಬೆರಳಲ್ಲಿ ನುಡಿಸಿದ್ರೆ ಅದು ಟೈಪಿಂಗ್" ಅಂದ್ರು. ಆರು ತಿಂಗಳು ಒಂದೇ ಸೋಲೋ. ಮೈಲ್ಸ್ ಡೇವಿಸ್‌ರ 'ಕೈಂಡ್ ಆಫ್ ಬ್ಲೂ' ರೆಕಾರ್ಡ್, 1959ರದ್ದು, ಅದರಲ್ಲಿ 'ಫ್ರೆಡಿ ಫ್ರೀಲೋಡರ್' ಅಂತ ಒಂದು ಬ್ಲೂಸ್ ಇದೆ. ಉಳಿದದ್ದೆಲ್ಲ ಬಿಲ್ ಎವನ್ಸ್ ಪಿಯಾನೋ, ಇದೊಂದರಲ್ಲಿ ಮಾತ್ರ ವಿಂಟನ್ ಕೆಲಿ. ಕೆಲಿಯವರ ಆ ಸೋಲೋ ಬಾಯಲ್ಲಿ ಪೂರ್ತಿ ಬರಬೇಕು, ಎಲ್ಲಿ ಉಸಿರು ತಗೋತಾರೋ ಅಲ್ಲೇ ಉಸಿರು. ಆಮೇಲಷ್ಟೇ ಪಿಯಾನೋ ಮುಚ್ಚಳ ತೆರೆಯೋದು.

ಇದು ಅವರೊಬ್ಬರ ಹುಚ್ಚಲ್ಲ. ಲೆನ್ನಿ ಟ್ರಿಸ್ಟಾನೊ ಅಂತ ನ್ಯೂಯಾರ್ಕಿನಲ್ಲಿ ಕಣ್ಣು ಕಾಣದ ಪಿಯಾನೋ ವಾದಕರಿದ್ರು. ಜಾಝ್ ಇಂಪ್ರೊವೈಸೇಶನ್ ಅನ್ನ ಕ್ರಮಬದ್ಧವಾಗಿ ಕಲಿಸಿದ ಮೊದಮೊದಲಿಗರಲ್ಲಿ ಒಬ್ಬರು. ಅವರ ಶಿಷ್ಯರೂ ಲೆಸ್ಟರ್ ಯಂಗ್, ಪಾರ್ಕರ್ ಸೋಲೋಗಳನ್ನ ರೆಕಾರ್ಡ್ ಜೊತೆ ಹಾಡಿ ಹಾಡಿ ಕಲಿಯಬೇಕಿತ್ತು. ವಾದ್ಯ ಆಮೇಲೆ. ಡೆಟ್ರಾಯ್ಟ್‌ನ ಬ್ಯಾರಿ ಹ್ಯಾರಿಸ್ 2021ರ ಡಿಸೆಂಬರಿನಲ್ಲಿ 91ನೇ ವಯಸ್ಸಿಗೆ ಹೋದ್ರು. ಅವರ ಕ್ಲಾಸ್‌ನ ವಿಡಿಯೋಗಳು ಬೇಕಾದಷ್ಟಿವೆ. ನೋಡಿ, ಅರ್ಧ ಹೊತ್ತು ಅವರು ಬಾಯಲ್ಲಿ ಹಾಡ್ತಾ ಇರ್ತಾರೆ, ಮಕ್ಕಳು ಅದನ್ನ ಹಿಡೀತಾ ಇರ್ತಾರೆ. ನಮ್ಮ ಪಾಠಾಂತರಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ!

ನಾನು ಹಾಡಿ ಕಲಿತದ್ದು ಲೋಕಲ್ ಟ್ರೈನ್‌ನಲ್ಲಿ. ಥಾಣೆ ಕಡೆಯಿಂದ ಓಡಾಡೋರಿಗೆ ಗೊತ್ತು, ಬೆಳಿಗ್ಗೆ ಒಂದೊಂದು ಡಬ್ಬಿಯಲ್ಲಿ ಭಜನೆ ಮಂಡಳಿ ಇರುತ್ತೆ. ಅವರ ತಾಳದ ಸದ್ದಲ್ಲಿ ನನ್ನ ಗೊಣಗಾಟ ಯಾರಿಗೂ ಕೇಳ್ತಿರಲಿಲ್ಲ. ಆದ್ರೆ ಒಂದು ಸಮಸ್ಯೆ. ಭಜನೆಯ ಚಪ್ಪಾಳೆ ಒಂದನೇ ಪೆಟ್ಟಿಗೆ ಬೀಳುತ್ತೆ. ಜಾಝ್‌ನಲ್ಲಿ ತೂಕ ಎರಡು ಮತ್ತು ನಾಲ್ಕರ ಮೇಲೆ. ನಮ್ಮ ಮೈಗೆ ಸಮ ಅಂದ್ರೆ ಒಂದು, ರಕ್ತದಲ್ಲೇ ಬಂದಿದೆ. ಎರಡು ನಾಲ್ಕಕ್ಕೆ ಚಪ್ಪಾಳೆ ತಟ್ಟಿ ನೋಡಿ ಎಲ್ಲರೂ. (ಸಭೆ ಚಪ್ಪಾಳೆ ತಟ್ಟುತ್ತದೆ. ನಗು.) ನೋಡಿ, ಎಂಟು ಬಾರ್ ದಾಟೋದ್ರೊಳಗೆ ಅರ್ಧ ಜನ ಒಂದಕ್ಕೆ ಬಂದು ಬಿದ್ರಿ! ಸ್ವಿಂಗ್ ಅನ್ನೋ ನಡಿಗೆಯೂ ಹಾಗೆ, ಉದ್ದ-ಗಿಡ್ಡ ಉದ್ದ-ಗಿಡ್ಡ. ನಿಧಾನ ಲಯದಲ್ಲಿ ಸುಮಾರು ಎರಡಕ್ಕೆ ಒಂದು, ಲಯ ಹೆಚ್ಚಿದ ಹಾಗೆ ಸಮ ಆಗ್ತಾ ಹೋಗುತ್ತೆ. ಇದನ್ನ ಬರೆದು ಕಲಿಸೋಕಾಗಲ್ಲ.

ಆ ದಿನಗಳಲ್ಲಿ ನನಗೆ ನೆನಪಾಗ್ತಿದ್ದದ್ದು ನನ್ನ ಸೋದರಮಾವ. ತಾಳಮದ್ದಲೆ ಅರ್ಥಧಾರಿ, ಹವ್ಯಾಸಿ. ತಾಳಮದ್ದಲೆ ನೋಡದವರಿಗೆ ಒಂದು ಮಾತು: ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡ್ತಾರೆ, ಕೂತವರು ಅದಕ್ಕೆ ಅರ್ಥ ಹೇಳ್ತಾರೆ. ಪದ್ಯ ಅಚ್ಚಾದದ್ದು, ಅರ್ಥ ಆ ರಾತ್ರಿಯದ್ದು. ಕತೆ ಎಲ್ಲರಿಗೂ ಗೊತ್ತು, ವಾಲಿ ಸಾಯಲೇಬೇಕು, ಆದ್ರೆ ಸಾಯೋ ಮುಂಚೆ ರಾಮನನ್ನ ಏನು ಕೇಳ್ತಾನೆ ಅನ್ನೋದು ಯಾರಿಗೂ ಗೊತ್ತಿಲ್ಲ. ಒಂದು ಸಲ ಮಾವ ರಾಮ. ಎದುರಿನ ವಾಲಿ ತಯಾರಿಯಲ್ಲಿ ಇಲ್ಲದ ಒಂದು ಪ್ರಶ್ನೆ ಹಾಕಿದ್ರು. ಮಾವ ಸ್ವಲ್ಪ ಹೊತ್ತು ಸುಮ್ನಿದ್ರು. ಸಭೆಯೂ ಸುಮ್ನಿತ್ತು. ಆಮೇಲೆ ವಾಲಿಯ ಮಾತಿನ ಕೊನೇ ಶಬ್ದವನ್ನೇ ಎತ್ತಿಕೊಂಡು ಅಲ್ಲಿಂದ ಶುರು ಮಾಡಿದ್ರು. ಜಾಝ್‌ನವರು ಹೀಗೇ ಮಾಡ್ತಾರೆ. ಹಿಂದಿನವರ ಸೋಲೋದ ಕೊನೇ ತುಣುಕು ಹಿಡಿದು ತಮ್ಮದನ್ನ ಶುರು ಮಾಡ್ತಾರೆ. ಮಾವನಿಗೆ ಅದು ಎಲ್ಲಿಂದ ಬಂತು? ಹತ್ತು ವರ್ಷ ಹಿರಿಯರ ಕೂಟ ಕೇಳಿದ್ದು, ಮಾರನೇ ದಿನ ಅಡಿಕೆ ತೋಟದಲ್ಲಿ ಒಬ್ಬರೇ ಅವರ ಧ್ವನಿಯಲ್ಲೇ ಮಾತಾಡಿಕೊಂಡಿದ್ದು, ಅಲ್ಲಿಂದ. ವ್ಯಾಕರಣ ಪುಸ್ತಕ ಅವರ ಮನೆಯಲ್ಲಿ ನಾನು ನೋಡಿಲ್ಲ.

ಇಷ್ಟೆಲ್ಲ ಗೊತ್ತಿದ್ದವನು ಆ ಮಗುವಿಗೆ 84 ಕೋಣೆ ಯಾಕೆ ಕೊಟ್ಟೆ?

ಬಹಳ ಯೋಚಿಸಿದ್ದೀನಿ. ಒಂದು, ಗೊತ್ತಾದ ಮೇಲೆ ಹೇಗೆ ಗೊತ್ತಾಯ್ತು ಅನ್ನೋದು ಮರೆತುಹೋಗುತ್ತೆ. ಕಿವಿಯಿಂದ ಬಂದದ್ದಕ್ಕೆ ಆಮೇಲೆ ಹೆಸರು ಕಲಿತೆ, ಹೆಸರಿನಿಂದಲೇ ಬಂತು ಅಂದುಕೊಂಡೆ. ಎರಡು, ಸ್ಕೇಲ್ ಕಲಿಸೋದು ಸುಲಭ. ಸರಿ-ತಪ್ಪು ಹೇಳಬಹುದು, ಅಂಕ ಕೊಡಬಹುದು, ಅಪ್ಪ-ಅಮ್ಮನಿಗೆ ತೋರಿಸಬಹುದು. ಒಬ್ಬ ಹುಡುಗಿಯ ಕಿವಿ ಈ ತಿಂಗಳು ಎಷ್ಟು ಬೆಳೀತು ಅಂತ ಯಾವ ಕೋಣೆಯಲ್ಲಿ ತುಂಬೋದು? ಜೇಮಿ ಏಬರ್‌ಸೋಲ್ಡ್ 1967ರಿಂದ ಜೊತೆಗೆ ನುಡಿಸೋ ರೆಕಾರ್ಡ್‌ಗಳನ್ನ ತಂದ್ರು, ಪುಸ್ತಕದಲ್ಲಿ ಕಾರ್ಡ್‌ಗೆ ಸ್ಕೇಲ್ ಬರೆದಿರುತ್ತೆ. ಮೇಷ್ಟ್ರಿಲ್ಲದ ಊರಿನ ಎಷ್ಟು ಹುಡುಗರಿಗೆ ಅದರಿಂದ ದಾರಿ ಸಿಕ್ಕಿದೆಯೋ, ನಾನೂ ಅದರ ಋಣದಲ್ಲಿದ್ದೀನಿ. ಥಿಯರಿ ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಅದು ನಕ್ಷೆ, ಊರು ನೋಡದವರ ಕೈಗೆ ಮೊದಲು ನಕ್ಷೆ ಕೊಟ್ಟು ಬಾಯಿಪಾಠ ಮಾಡಿ ಅಂದ್ರೆ ಅವರು ಊರಿಗೆ ಬರೋದೇ ಇಲ್ಲ. ಮೂರನೇದು ಹೇಳೋಕೆ ನಾಚಿಕೆ. ಅವಳು ಗೊತ್ತಿಲ್ಲದೆ ಸರಿಯಾಗಿ ನುಡಿಸ್ತಿದ್ದದ್ದು ನನಗೆ ಒಂಚೂರು ಚುಚ್ಚುತ್ತಿತ್ತು. ಯಾಕೆ ಸರಿ ಅಂತ ಅವಳಿಗೆ ಗೊತ್ತಾಗಬೇಕು ಅನ್ನೋ ಹಟ ನನ್ನದು, ಅವಳದ್ದಲ್ಲ.

ಇಂಜಿನಿಯರ್‌ಗಳ ಸಭೆ, ಡೇಟಾ ಕೇಳ್ತೀರಿ. 2008ರಲ್ಲಿ ಚಾರ್ಲ್ಸ್ ಲಿಂಬ್, ಅಲೆನ್ ಬ್ರೌನ್ ಅಂತ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದ್ರು. ಆರು ಜನ ವೃತ್ತಿಪರ ಜಾಝ್ ಪಿಯಾನೋ ವಾದಕರನ್ನ ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಅಯಸ್ಕಾಂತಕ್ಕೆ ಸಿಗದ ಹಾಗೆ ಮಾಡಿದ 35 ಕೀಗಳ ಕೀಬೋರ್ಡ್ ಕೊಟ್ಟು ನುಡಿಸಿದ್ರು. ಬಾಯಿಪಾಠದ್ದು ಒಂದು ಸಲ, ಇಂಪ್ರೊವೈಸ್ ಮಾಡಿದ್ದು ಒಂದು ಸಲ. ಇಂಪ್ರೊವೈಸ್ ಮಾಡುವಾಗ ಮಿದುಳಿನ ಮುಂಭಾಗದಲ್ಲಿ, ನಮ್ಮನ್ನ ನಾವೇ ಕಾಯೋ, ತಿದ್ದೋ ಕೆಲಸಕ್ಕೆ ಸಂಬಂಧಪಟ್ಟ ಜಾಗದ ಚಟುವಟಿಕೆ ಇಳೀತು. ಆರೇ ಜನ, ಅದರ ಮೇಲೆ ಮಹಡಿ ಕಟ್ಟೋದು ಬೇಡ. ಅವರೆಲ್ಲ ಸಾವಿರಾರು ಗಂಟೆ ನುಡಿಸಿ ಬಂದವರು ಅನ್ನೋದೂ ನೆನಪಿರಲಿ. ಆದ್ರೂ ಓದಿದಾಗ ಎದೆ ಧಸಕ್ ಅಂತು. ಅವರು ನುಡಿಸುವಾಗ ಇಳಿಸಿ ಇಡೋ ಕಾವಲುಗಾರನನ್ನೇ ನಾನು ಆ ಹುಡುಗಿಯ ಹೆಗಲ ಮೇಲೆ ಕೂರಿಸಿದ್ದೆ, 84 ಕೋಣೆಯ ರಿಜಿಸ್ಟರ್ ಕೊಟ್ಟು.

ಈಗ ಏನು ಮಾಡ್ತೀನಿ ಅಂತ ಹೇಳ್ತೀನಿ. ನನ್ನ ಈಗಿನ ವಿದ್ಯಾರ್ಥಿಗಳಲ್ಲಿ ಒಬ್ಬರು ಇಲ್ಲೇ ಮೂರನೇ ಸಾಲಲ್ಲಿ ಕೂತಿದ್ದಾರೆ, ಉಡುಪಿ ಕಡೆಯವರು, ಬ್ಯಾಂಕ್‌ನಿಂದ ನಿವೃತ್ತರು. ನಾನು ಮಾಮ ಅಂತ ಕರೀತೀನಿ. ನಲವತ್ತು ವರ್ಷ ಭಜನೆಗೆ ಹಾರ್ಮೋನಿಯಂ ನುಡಿಸಿದವರು. ಮೊದಲ ದಿನ ಪಿಯಾನೋ ಮುಂದೆ ಕೂತಾಗ ಬಲಗೈ ಓಡುತ್ತೆ, ಎಡಗೈ ಸುಮ್ನೆ ಗಾಳಿಯಲ್ಲಿ ಹಿಂದೆ ಮುಂದೆ! ತಿದಿ ಒತ್ತಿ ಒತ್ತಿ ರೂಢಿಯಾದ ಕೈ. ನಗಬೇಡಿ ಮಾಮ, ನೀವೇ ಹೇಳಿ ಅಂದಿದ್ರಿ.

ಅವರಿಗೆ ಎಡಗೈ ಬೇಡವೇ ಬೇಡ ಅಂದೆ, ಅದು ನನ್ನದು. ಎಫ್‌ನಲ್ಲಿ ಬ್ಲೂಸ್, 12 ಬಾರ್. ನಾಲ್ಕು ಬಾರ್ ಮನೆ, ಎರಡು ಬಾರ್ ಪಕ್ಕದ ಮನೆ ಬಿ ಫ್ಲಾಟ್, ಎರಡು ಬಾರ್ ವಾಪಸ್, ಆಮೇಲೆ ಸಿ ಒಂದು, ಬಿ ಫ್ಲಾಟ್ ಒಂದು, ಕೊನೆಗೆ ಎರಡು ಮನೆ. ಬಲಗೈಗೆ ಮೂರೇ ಸ್ವರ: ಎಫ್, ಎ ಫ್ಲಾಟ್, ಬಿ ಫ್ಲಾಟ್. ಎಫ್ ಷಡ್ಜ ಅಂದುಕೊಂಡ್ರೆ ಸ, ಕೋಮಲ ಗ, ಮ. "ಇದು ಎಂತ ಮಾರಾಯ್ರೆ, ಮೂರೇ ಸ್ವರವಾ? ಬೋಳಿಸಿದ ಹಾಗೆ ಆಯ್ತಲ್ಲ" ಅಂದ್ರು. ನಿಯಮ ಇಷ್ಟೇ. ಎರಡು ಬಾರ್ ಬಾಯಲ್ಲಿ ಹಾಡಿ, ಅದನ್ನೇ ನುಡಿಸಿ, ಆಮೇಲೆ ಎರಡು ಬಾರ್ ಸುಮ್ನಿರಿ. ಮೂರರಲ್ಲಿ ಕಷ್ಟ ಯಾವುದು ಗೊತ್ತಾ? ಸುಮ್ನಿರೋದು. ಎಲ್ಲರಿಗೂ. ಖಾಲಿ ಜಾಗ ಕಂಡ್ರೆ ಬೆರಳು ತುಂಬೋಕೆ ಹೋಗುತ್ತೆ. ಅದಕ್ಕೆ ಕೌಂಟ್ ಬೇಸಿ ಪಿಯಾನೋ ಕೇಳಿಸ್ತೀನಿ. ಇಡೀ ಮೇಳ ಗರ್ಜಿಸ್ತಾ ಇರುತ್ತೆ, ಇವರು ಮೂರು ಸ್ವರ ಇಟ್ಟು ಸುಮ್ನಾಗ್ತಾರೆ, ಮನೆಯೆಲ್ಲ ತುಂಬಿದ ಹಾಗಿರುತ್ತೆ.

ಮೂರನೇ ವಾರ ಇರಬೇಕು. ಮಾಮ ನಾಲ್ಕನೇ ಬಾರ್‌ನಲ್ಲಿ ಎ ಫ್ಲಾಟ್ ಒತ್ತಿ ಹಿಡಿದ್ರು. ನನ್ನ ಎಡಗೈಯಲ್ಲಿ ಎಫ್ ಸೆವೆನ್ತ್, ಅದರೊಳಗೆ ಎ ಇದೆ. ಎರಡೂ ಒಂದಕ್ಕೊಂದು ಉಜ್ಜಿಕೊಂಡವು. ಬ್ಲೂಸ್‌ನ ಹುಳಿಯೇ ಅದು, ಆದ್ರೆ ಅವರಿಗೆ ತಪ್ಪು ಅನಿಸ್ತು, ಕೈ ತೆಗೆಯೋಕೆ ಹೋದ್ರು. ಬಿಡಬೇಡಿ ಅಂದೆ. ಐದನೇ ಬಾರ್ ಬಂತು, ನನ್ನ ಎಡಗೈ ಬಿ ಫ್ಲಾಟ್ ಸೆವೆನ್ತ್‌ಗೆ ಹೋಯ್ತು. ಅದರ ಏಳನೇ ಸ್ವರವೇ ಎ ಫ್ಲಾಟ್. ಮಾಮ ಬೆರಳು ಅಲ್ಲಾಡಿಸಿಲ್ಲ, ಸ್ವರ ತಾನಾಗಿ ಹೋಗಿ ಮನೆಯಲ್ಲಿ ಕೂತ ಹಾಗಾಯ್ತು. ಅವರು ನನ್ನ ಮುಖ ನೋಡಿದ್ರು. "ಇದು ನಾನು ಮಾಡಿದ್ದಾ ನೀವು ಮಾಡಿದ್ದಾ?" ಅಂದ್ರು.

ಹರ್ಬಿ ಹ್ಯಾನ್‌ಕಾಕ್ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಅರವತ್ತರ ದಶಕ, ಜರ್ಮನಿಯ ಸ್ಟುಟ್‌ಗಾರ್ಟ್, ಮೈಲ್ಸ್ ಡೇವಿಸ್ ಸೋಲೋ ನಡೀತಿದೆ, ಇವರು ಪಿಯಾನೋದಲ್ಲಿ ಪೂರಾ ತಪ್ಪು ಕಾರ್ಡ್ ಒತ್ತಿಬಿಟ್ರು. ಮೈಲ್ಸ್ ಒಂದು ಉಸಿರು ನಿಂತು, ಆ ಕಾರ್ಡ್ ಸರಿ ಅನಿಸೋ ಸ್ವರಗಳನ್ನ ನುಡಿಸಿದ್ರಂತೆ. ಅದನ್ನ ತಪ್ಪು ಅಂತ ಅವರು ಕೇಳಿಸಿಕೊಳ್ಳಲೇ ಇಲ್ಲ ಅಂತಾರೆ ಹರ್ಬಿ. ಕಲಿಸೋನಿಗೆ ಇದು ದೊಡ್ಡ ಪಾಠ ಅಂತ ನಾನು ಮೊದಲೂ ಎಲ್ಲರಿಗೂ ಹೇಳ್ತಿದ್ದೆ. ಆ ಹುಡುಗಿ ತಪ್ಪು ಸ್ವರ ಒತ್ತಿದಾಗೆಲ್ಲ ಮಾತ್ರ ನಿಲ್ಲಿಸಿ, ಮೊದಲಿಂದ ಅಂತಿದ್ದೆ.

ದೀಪಾವಳಿಗೆ ಅವರ ಮನೆಗೆ ಹೋಗಿದ್ದೆ. ಫರಾಳ ತಿಂದು, ಅವಳ ಹತ್ರ ಹೇಳಿದೆ, ನಾನು ಕಲಿಸಿದ್ದು ಸರಿ ಇರಲಿಲ್ಲ, ನಿನ್ನ ತಪ್ಪೇನೂ ಇಲ್ಲ ಅಂತ. ಅವಳಿಗೆ ಮುಜುಗರ. "ಇರ್ಲಿ ಅಂಕಲ್, ನನಗೆ ಹೆಂಗೂ ಈಗ ಟೈಮಿಲ್ಲ, ಕೋಚಿಂಗ್ ಐತಿ" ಅಂದ್ಳು. ಮತ್ತೆ ಬಾ ಅಂತ ಕೇಳಬೇಕು ಅಂದುಕೊಂಡಿದ್ದೆ, ಕೇಳಲಿಲ್ಲ. ಕೇಳಿದ್ರೆ ಅದೂ ನನ್ನ ಸಮಾಧಾನಕ್ಕೇ ಆಗ್ತಿತ್ತು. ಕಳೆದ ತಿಂಗಳು ಒಂದು ರಾತ್ರಿ ಮೇಲಿನ ಮನೆಯಿಂದ ಕೀಬೋರ್ಡ್ ಸದ್ದು ಕೇಳಿಸ್ತು. ಯಾವುದೋ ಸಿನಿಮಾ ಹಾಡು, ಒಂದು ಕಡೆ ಎಡಗೈ ತಪ್ಪುತ್ತೆ, ಮತ್ತೆ ಅಲ್ಲಿಂದಲೇ. ಅವಳೋ, ಅವಳ ತಮ್ಮನೋ ಗೊತ್ತಿಲ್ಲ. ವಿಚಾರಿಸಿಲ್ಲ. ಹೆಂಡತಿ "ಹೋಗಿ ಹೇಳಿಕೊಡಿ" ಅಂದ್ಳು. ಟಿವಿ ಸೌಂಡ್ ಕಡಿಮೆ ಮಾಡಿ ಕೂತಿದ್ದೆ, ಅಷ್ಟೇ.

ಟೈಮ್ ಆಯ್ತು ಅಂತ ಕೈ ತೋರಿಸ್ತಿದ್ದಾರೆ. ಮಾಮ, ಬನ್ನಿ ಮೇಲೆ. ಇಲ್ಲ, ಇಲ್ಲ, ಬರಲೇಬೇಕು. ಎಫ್‌ನಲ್ಲಿ ಬ್ಲೂಸ್, ಮೂರೇ ಸ್ವರ, ನಿಮಗೆ ಬೇಕಾದ್ರೆ ನಾಲ್ಕನೇದು ಸೇರಿಸಿ. ಮೊದಲ ಎರಡು ಬಾರ್ ಹಾಡಿ. ನೀವೆಲ್ಲ ಎರಡು ಮತ್ತು ನಾಲ್ಕಕ್ಕೆ ಚಪ್ಪಾಳೆ ಹಾಕಿ, ಒಂದಕ್ಕೆ ಜಾರಿದ್ರೂ ಮಾಮ ಹೇಗೋ ಸಂಭಾಳಿಸ್ತಾರೆ.

(ಇಬ್ಬರೂ ನುಡಿಸುತ್ತಾರೆ.)